ಎರಡನೇದು ತೆಗೀರಿ, ಮೊದಲಿನದು ಇಡ್ರಿ

ವಾಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ನಗುವುದಕ್ಕೆಂದು ಬೇರೆ ಕಡೆ ಹೋಗಬೇಕಾಗಿಲ್ಲ. ಯಾರೋ ವಿಡಿಯೊ ನೋಡಿ, ಇದ್ದ ಆಪರೇಟಿಂಗ್ ಸಿಸ್ಟಂ ಪಕ್ಕದಲ್ಲೇ ಇನ್ನೊಂದನ್ನು ತಂದು ಕೂರಿಸುತ್ತಾರೆ. ನಾಲ್ಕು ದಿನ ಖುಷಿ. ಆಮೇಲೆ ಒಂದೇ ಮನೆಯಲ್ಲಿ ಎರಡು ಸಂಸಾರವಾಗಿ, ಎರಡನೆಯದನ್ನು ತೆಗೆದುಕೊಡಿ ಎಂದು ನನಗೆ ಫೋನು ಬರುತ್ತದೆ. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಡುತ್ತೇನೆ.

ಹತ್ತು ಸೆಕೆಂಡ್

ಶಹಾಬಾದಿನ ಝೆರಾಕ್ಸ್ ಅಂಗಡಿಯವರ ಕಂಪ್ಯೂಟರ್ ಬೆಳಿಗ್ಗೆ ಹಚ್ಚಿದ ಕೂಡಲೇ ‘ಯಾವ ಸಿಸ್ಟಂ ಬೇಕು’ ಎಂದು ಕೇಳಿ, ಹತ್ತರಿಂದ ಒಂದರವರೆಗೆ ಎಣಿಸಿ, ತಾನೇ ಮೊದಲನೆಯದಕ್ಕೆ ಹೋಗುತ್ತಿತ್ತು. ಎರಡನೆಯದನ್ನು ಅವರು ಎರಡು ವರ್ಷದಿಂದ ಮುಟ್ಟಿರಲಿಲ್ಲ. ತೆಗೆದುಬಿಡಿ ಎಂದರು, ತೆಗೆದೆ. ಮರುದಿನವೇ ಫೋನು. ಕಂಪ್ಯೂಟರ್ ಕೆಟ್ಟಿತೇ ಎಂದು ಕೇಳಿದೆ. ಇಲ್ಲ, ಭಾಳ ಜಲ್ದಿ ಶುರುವಾಗುತ್ತಿದೆ ಎಂದರು. ಅದೇನು ತೊಂದರೆ ಎಂದರೆ, “ಅದು ಎಣಿಸೋತನಾ ನಾ ಊದಿನಕಡ್ಡಿ ಹಚ್ಚಿ ಬೆಳಗತಿದ್ದೆ ನೋಡ್ರಿ. ಈಗ ಕಡ್ಡಿಪೆಟಗಿ ಹುಡುಕೋದ್ರಾಗೇ ಅದು ಎದ್ದು ಕುಂದರ್ತದ” ಎಂದರು.

ಹೋಗಿ, ಯಾವ ಸಿಸ್ಟಂ ಎಂದು ಕೇಳುವ ಆ ಪಟ್ಟಿಯನ್ನು ಮತ್ತೆ ಹಾಕಿಕೊಟ್ಟೆ. ಈಗ ಅದರಲ್ಲಿ ಒಂದೇ ಹೆಸರಿದೆ. ಯಾವುದು ಬೇಕು ಎಂದು ಹತ್ತು ಸೆಕೆಂಡ್ ಕೇಳುತ್ತದೆ.

ಜಗಲಿಯ ಮೇಲಿನ ಡಿಸ್ಕು

ತೆಗೆಯುವ ಮುಂಚೆ ಫೈಲುಗಳ ಇನ್ನೊಂದು ಪ್ರತಿ ಇದೆಯೇ ಎಂದು ಕೇಳಿದ್ದಕ್ಕೆ, ಚಿತ್ತಾಪುರದಲ್ಲಿ ದಸ್ತಾವೇಜು ಬರೆದುಕೊಡುವ ಹಿರಿಯರೊಬ್ಬರು ಬ್ಯಾಕಪ್ ಡಿಸ್ಕನ್ನು ದೇವರ ಜಗಲಿಯಿಂದ ಎರಡೂ ಕೈಯಲ್ಲಿ ತಂದರು. ಮೇಲೆ ಮೂರು ಬೆರಳಿನ ವಿಭೂತಿ. ವೈರು ಸಿಕ್ಕಿಸುವ ತೂತಿನಲ್ಲಿ ಕುಂಕುಮ, ಅರಿಶಿನ ಗಟ್ಟಿಯಾಗಿ ಕೂತಿತ್ತು. ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆಯುತ್ತಿದ್ದರೆ, ಉದುರಿದ್ದು ಕಾಲಿಗೆ ತಾಗಬಾರದೆಂದು ಅವರು ಕೆಳಗೆ ತಾಟು ಹಿಡಿದು ಕೂತರು. ಡಿಸ್ಕು ತೆರೆದುಕೊಂಡಿತು. ಪ್ರತಿ ದಸರೆಗೂ ಪೂಜೆ ಮಾಡಿದ್ದಕ್ಕೆ ಒಂದು ಫೈಲೂ ಹೋಗಿಲ್ಲ ಎಂದು ಅವರ ಮುಖ ಅರಳಿತು. ನಾನು ತಾರೀಖು ನೋಡಿದೆ. ಎಲ್ಲವೂ ನಾಲ್ಕು ವರ್ಷ ಹಳೆಯವು. ಆಮೇಲೆ ಬರೆದದ್ದನ್ನು ಇದಕ್ಕೆ ಹಾಕಿಲ್ಲವೇ ಎಂದು ಕೇಳಿದೆ.

“ಜಗಲಿ ಮ್ಯಾಲ ಇಟ್ಟಿದ್ದು ಹೆಂಗ್ ತಗೀಲಿಕ್ಕ ಬರ್ತದ್ರಿ?” ಎಂದರು.

ಹಲ್ಲಿದ್ದಾಗಿನ ಹಾಡು

ಸೇಡಂನ ಮಾಸ್ತರರೊಬ್ಬರು ತಮ್ಮ ತಾಯಿ ಹಾಡಿದ ನಲವತ್ತು ಬೀಸುವ ಹಾಡುಗಳನ್ನು ಕಂಪ್ಯೂಟರಿಗೆ ತುಂಬಿದ್ದರು. ಆಮೇಲೆ ಅಜ್ಜಿಯ ಹಲ್ಲೆಲ್ಲ ಬಿದ್ದವು. ಈಗಲೂ ಹಾಡುತ್ತಾರೆ, ಆದರೆ ಹಾಡಿಗಿಂತ ಗಾಳಿಯೇ ಹೆಚ್ಚು. ಹಾಗಾಗಿ ಹಾಡಾಗಿ ಉಳಿದದ್ದು ಆ ನಲವತ್ತೇ.

ಎರಡನೇ ಸಿಸ್ಟಂ ತೆಗೆಯುವ ಮುಂಚೆ ಬ್ಯಾಕಪ್ ಇದೆಯೇ ಎಂದು ಕೇಳಿದೆ. ಪೆನ್‌ಡ್ರೈವಿನಲ್ಲಿದೆ, ಮನೆಯವರು ಭದ್ರವಾಗಿ ಇಟ್ಟಿದ್ದಾರೆ ಎಂದರು. ತಂದು ತೋರಿಸಿ ಅನ್ನಬೇಕಿತ್ತು. ಬಾಯಲ್ಲಿ ಮಂಡಕ್ಕಿಯ ಸುಸಲಾ, ತಾಟಿನಲ್ಲಿ ಮಿರ್ಚಿ ಭಜಿ, ಅನ್ನಲಿಲ್ಲ. ಅಳಿಸಿಬಿಟ್ಟೆ. ಹಾಡುಗಳಿದ್ದದ್ದು ಎರಡನೆಯದರ ಪಾಲಿನಲ್ಲೇ. ಅದರ ಜೊತೆ ಅವೂ ಹೋದವು.

ಮಾಸ್ತರರ ಹೆಂಡತಿ ಟ್ರಂಕು ತೆಗೆದರು. ಪೆನ್‌ಡ್ರೈವನ್ನು ರವಿಕೆಗೆಂದು ಇಟ್ಟ ಹೊಸ ಜಂಪರ್ ಪೀಸೊಂದರ ಮಡಿಕೆಯಲ್ಲಿಟ್ಟು ಪಿನ್ನು ಹಾಕಿದ್ದರಂತೆ. ಆ ಜಂಪರ್ ಪೀಸೇ ಇಲ್ಲ. ಯೋಚಿಸಿ ಯೋಚಿಸಿ ಹಣೆ ಬಡಿದುಕೊಂಡರು. ಹಿಂದಿನ ತಿಂಗಳು ಚಿತ್ತಾಪುರದ ನಾದಿನಿ ಬಂದಾಗ ಉಡಿ ತುಂಬಿ ಕೊಟ್ಟದ್ದು ಅದೇ.

ನಮ್ಮ ಕಡೆ ಅಕ್ಕಿ, ಕೊಬ್ಬರಿ ಜೊತೆ ಉಡಿಗೆ ಹಾಕುವ ಜಂಪರ್ ಪೀಸನ್ನು ಹೊಲಿಸಿಕೊಳ್ಳುವವರಿಗಿಂತ ಮುಂದಿನ ಮನೆಗೆ ದಾಟಿಸುವವರೇ ಹೆಚ್ಚು. ಎಲ್ಲರಿಗೂ ಗೊತ್ತು, ಯಾರೂ ಒಪ್ಪುವುದಿಲ್ಲ. ಆ ದಿನ ಫೋನಿನಲ್ಲಿ ಒಬ್ಬೊಬ್ಬರಾಗಿ ಒಪ್ಪಬೇಕಾಯಿತು. ಚಿತ್ತಾಪುರದ ನಾದಿನಿ ಮೊದಲು ಹೊಲಿಸಲು ಕೊಟ್ಟಿದ್ದೇನೆ ಎಂದರು. ಯಾವ ಟೇಲರಿಗೆ ಎಂದು ಕೇಳಿದ ಮೇಲೆ, ನೇರಳೆ ಬಣ್ಣ ತನಗೆ ಒಪ್ಪುವುದಿಲ್ಲ, ವಾಡಿಯ ಗೆಳತಿಗೆ ಕೊಟ್ಟೆ ಎಂದರು. ವಾಡಿಯವರು ಶಹಾಬಾದಿನ ಅಕ್ಕನಿಗೆ ದಾಟಿಸಿದ್ದರು. ಶಹಾಬಾದಿನ ಅಕ್ಕನ ಉತ್ತರ ಇನ್ನೂ ಚೆನ್ನಾಗಿತ್ತು: “ಬಟ್ಟಿ ಭಾಳ ವಜನ್ ಇತ್ರಿ. ಭಾರೀ ಮಾಲು ಅಂತ ಚಿಂಚೋಳಿ ಬೀಗರಿಗೆ ಕೊಟ್ಟೆ.”

ಮಾಸ್ತರರ ಮುಖ ನೋಡಲಾಗುತ್ತಿರಲಿಲ್ಲ. ತಪ್ಪು ನನ್ನದೂ ಇತ್ತಲ್ಲ, ನಾನೂ ಜೊತೆಗೆ ಹೊರಟೆ. ಇಬ್ಬರೂ ಚಿಂಚೋಳಿ ಬಸ್ಸು ಹತ್ತಿದೆವು. ಅಲ್ಲಿಯ ಬೀಗತಿ ಐನಾಪುರದಲ್ಲಿ ಬಸುರಿಯೊಬ್ಬಳ ಕುಬುಸದ ಕಾರ್ಯಕ್ಕೆ ಹೊರಟು ನಿಂತಿದ್ದರು. ಕೈಯಲ್ಲಿನ ತಾಟಿನಲ್ಲಿ ಅಕ್ಕಿ, ಅಕ್ಕಿಯ ಮೇಲೆ ಕೊಬ್ಬರಿ, ಕೊಬ್ಬರಿಯ ಪಕ್ಕ ನೇರಳೆ ಜಂಪರ್ ಪೀಸು. ಪಿನ್ನು ಹಾಕಿದ್ದು ಹಾಕಿದಂತೆಯೇ ಇತ್ತು. ಮಾಸ್ತರರು ಬಿಚ್ಚಿ ಪೆನ್‌ಡ್ರೈವ್ ತೆಗೆದರು. ಬೀಗತಿ ಆ ಪೀಸನ್ನೂ ಮಾಸ್ತರರ ಕೈಗೇ ಕೊಟ್ಟು, ಒಳಗೆ ಹೋಗಿ ತಾಟಿಗೆ ಬೇರೊಂದು ಜಂಪರ್ ಪೀಸು ತಂದಿಟ್ಟರು. ಅದೂ ಯಾರೋ ಕೊಟ್ಟದ್ದೇ ಇರಬೇಕು.

ಸೇಡಂಗೆ ಬಂದು ನಲವತ್ತೂ ಹಾಡುಗಳನ್ನು ವಾಪಸ್ ತುಂಬಿದೆ. ಮೊದಲನೆಯದನ್ನು ಹಚ್ಚಿದಾಗ ಅಜ್ಜಿ ತನ್ನ ಹಳೆಯ ದನಿ ಕೇಳಿ, “ಯಾರಪ್ಪಾ ಆಕಿ, ಚಲೋ ಹಾಡ್ಲಿಕತ್ತಾಳ” ಎಂದರು. ಮಾಸ್ತರರು ಕಣ್ಣೊರೆಸಿಕೊಂಡರು. ನನಗೂ ಜೀವ ಬಂದಂತಾಯಿತು. ಆ ಸಮಾಧಾನದಲ್ಲಿ ಸ್ವಲ್ಪ ಶಾಣ್ಯಾತನ ತೋರಿಸಲು ಹೋಗಿ, ಇನ್ನು ಮುಂದೆ ಬ್ಯಾಕಪ್ಪನ್ನು ಭದ್ರವಾದ ಜಾಗದಲ್ಲಿಡಿ ಎಂದು ಅವರ ಹೆಂಡತಿಗೆ ಹೇಳಿದೆ.

ಅವರು ಜಂಪರ್ ಪೀಸನ್ನು ಮತ್ತೆ ಮಡಚುತ್ತಾ, “ನಾಲ್ಕು ಊರು ತಿರುಗಿ ಬಂದದ, ಒಬ್ಬಾಕಿನೂ ಬಿಚ್ಚಿ ನೋಡಿಲ್ಲ” ಎಂದರು. “ಇದಕ್ಕಿಂತ ಭದ್ರ ಜಾಗಾ ನಿಮಗ ಗೊತ್ತಿದ್ರ ಹೇಳ್ರಿ.”