ಕಂಪ್ಯೂಟರಿನ ಮುಂದೆ ಒಂದು ಧರಣಿ

ನನ್ನ ಹೆಂಡತಿ ಜುಂಜಮ್ಮನಿಗೆ ನಾನು ಇಪ್ಪತ್ತೆರಡು ಹಾಡು ಬಾಕಿ ಕೊಡಬೇಕು. ಬಡ್ಡಿ ಇಲ್ಲ, ಕಂತಿಲ್ಲ, ಮನ್ನಾ ಆಗುವ ಆಸೆಯಂತೂ ಇಲ್ಲವೇ ಇಲ್ಲ! ಅಧಿಕಾರಿಗಳ ಜೀಪಿನ ಮುಂದೆ ಅಡ್ಡ ಮಲಗಿದವನು ನಾನು. ಎಷ್ಟೋ ಸರ್ಕಾರಗಳ ಲಾಠಿಯ ರುಚಿ ನೋಡಿದ ಬೆನ್ನು ನನ್ನದು. ‘ಒಂದು ತಗಡಿನ ಡಬ್ಬಿ ಈ ಹನುಮಂತಪ್ಪನನ್ನು ಏನು ಮಾಡೀತು, ಅದನ್ನು ನಾನೇ ದಾರಿಗೆ ತರುತ್ತೇನೆ’ ಎಂದು ಮೀಸೆ ತಿರುವಿಕೊಂಡು ಕಂಪ್ಯೂಟರಿನ ಮುಂದೆ ಕೂತ ಒಂದು ಬೆಳಿಗ್ಗೆ ಈ ಸಾಲ ಹುಟ್ಟಿತು.

ಮೊದಲು ಹಾಡಿನ ವಿಷಯ. ನಮ್ಮ ಕುರಿಗಾರರ ಹೋರಾಟದಲ್ಲಿ ಭಾಷಣ ನನ್ನದು, ಹಾಡು ಅವಳದು. ಗುಡ್ಡದ ಮೇಲೆ ಗಾಳಿಯಂತ್ರ ನೆಟ್ಟವರು ಕುರಿ ಮೇಯುವ ದಾರಿಗೆ ಬೇಲಿ ಬಿಗಿದಾಗ ಐಮಂಗಲದ ಹೈವೇಯಲ್ಲಿ ಕುರಿ ಸಮೇತ ಕೂತೆವು. ಹೊಸದುರ್ಗದಲ್ಲಿ, ಹೊಳಲ್ಕೆರೆಯಲ್ಲಿ ಕಚೇರಿಗಳ ಮುಂದೆ ಶಾಮಿಯಾನ ಹಾಕಿದೆವು. ಜುಂಜಮ್ಮ ಕುರಿ ಕಾಯುವಾಗಿನ ಧಾಟಿಗೇ ಸಾಹೇಬರನ್ನು ಬೈಯುವ ಪದ ಕಟ್ಟಿ ಹಾಡುತ್ತಿದ್ದಳು. ಅವಳಿಗೆ ಮೈಕು ಬೇಕಿರಲಿಲ್ಲ. ನನಗೆ ಮೈಕು ಇದ್ದರೂ ಸಾಲುತ್ತಿರಲಿಲ್ಲ! ಆಮೇಲೆ ಅವಳ ಗಂಟಲಲ್ಲಿ ಗಂಟು ಬಂತು. ಧ್ವನಿಪೆಟ್ಟಿಗೆ ತೆಗೆಯಲೇಬೇಕು ಅಂದರು. ತೆಗೆದರು. ಜೀವ ಉಳಿಯಿತು. ಅದರ ಬಗ್ಗೆ ಇಷ್ಟು ಬರೆದರೆ ಸಾಕು.

ಇನ್ನು ನಮ್ಮ ಮನೆಯಲ್ಲಿ ಜಗಳ ಕಡಿಮೆಯಾಗಿರಬಹುದು ಎಂದು ಯಾರಾದರೂ ತಿಳಿದಿದ್ದರೆ ಅದು ಶುದ್ಧ ತಪ್ಪು. ಬಳಪದ ಖರ್ಚು ಹೆಚ್ಚಾಯಿತು, ಅಷ್ಟೇ! ಜುಂಜಮ್ಮ ಸೊಂಟಕ್ಕೆ ಒಂದು ಸ್ಲೇಟು ಸಿಗಿಸಿಕೊಂಡಳು. ಗಂಟಲಿದ್ದಾಗ ನನ್ನನ್ನು ‘ನೀವು’ ಅನ್ನುತ್ತಿದ್ದವಳು ಸ್ಲೇಟು ಬಂದ ಮೇಲೆ ‘ನೀನು’ ಅನ್ನತೊಡಗಿದಳು. ಯಾಕೆ ಅಂದೆ. “ಮರ್ಯಾದೆಗೆಲ್ಲಾ ಇದ್ರಾಗೆ ಜಾಗ ಎಲ್ಲೈತೆ?” ಎಂದು ಬರೆದು ತೋರಿಸಿದಳು. ಸಿಟ್ಟು ಬಂದರೆ ಅಡಿಗೆರೆ ಎಳೆಯುತ್ತಾಳೆ. ಭಾರೀ ಸಿಟ್ಟು ಬಂದರೆ ಬರೆದದ್ದನ್ನು ಅಳಿಸದೆ, ಬಂದು ಹೋಗುವವರಿಗೆ ಕಾಣುವಂತೆ ಬಾಗಿಲಿಗೆ ಒರಗಿಸಿಬಿಡುತ್ತಾಳೆ!

ಆಪರೇಷನ್ನಿಗೆ ಮುಂಚೆ ಅವಳ ಇಪ್ಪತ್ತೆರಡು ಹಾಡುಗಳನ್ನೂ ಹಿಡಿದಿಟ್ಟವನು ಕನಕರಾಜ್. ನಮ್ಮ ಸಂಗಾತಿ, ಕೀಬೋರ್ಡ್ ವಾದಕ. ಹಿರಿಯೂರಿನಲ್ಲಿ ಒಂದು ಚಿಕ್ಕ ರೆಕಾರ್ಡಿಂಗ್ ರೂಮು ಇಟ್ಟಿದ್ದ. ಅಷ್ಟೊತ್ತಿಗೆ ಅವಳ ದನಿ ಸ್ವಲ್ಪ ಒಡೆದಿತ್ತು. ಕಂಬಳಿಯ ಹಾಗೆ ಒರಟು, ಕಂಬಳಿಯ ಹಾಗೆಯೇ ಬೆಚ್ಚಗೆ. ಆಮೇಲೆ ಕನಕನ ವ್ಯಾಪಾರ ಕೂತುಹೋಯಿತು. ರೂಮಿನ ಬಾಗಿಲು ಹಾಕಿ ಹೊಸದುರ್ಗದಲ್ಲಿ ಸ್ಕೂಲ್ ವ್ಯಾನ್ ಓಡಿಸಲು ಹೋದ. ಹೋಗುವಾಗ ಆ ಹಾಡುಗಳಿದ್ದ ಕಂಪ್ಯೂಟರನ್ನು ಯಲ್ಲದಕೆರೆಯ ನಮ್ಮ ಮನೆಗೆ ತಂದು ರಾಗಿ ಚೀಲದ ಪಕ್ಕದಲ್ಲಿ ಪ್ರತಿಷ್ಠಾಪನೆ ಮಾಡಿದ.

ಅದೊಂದು ವಿಚಿತ್ರ ಪ್ರಾಣಿ. ಹೊಟ್ಟೆಯೊಳಗಿನ ಕರುಳು ಬೆಂಗಳೂರಿನಿಂದ ಬಿಡಿಬಿಡಿಯಾಗಿ ತಂದು ಜೋಡಿಸಿದ್ದು. ಆದರೆ ತೆರೆದರೆ ಮುಖದಲ್ಲಿ ಮೂಡುವುದು ಶ್ರೀಮಂತರ ಮ್ಯಾಕ್ ಕಂಪ್ಯೂಟರಿನ ಸೇಬಿನ ಗುರುತು!

“ಇದು ಅಸಲಿ ಮ್ಯಾಕ್ ಅಲ್ಲ ಹನುಮಂತಣ್ಣ. ಅಸಲಿ ಅಂತ ಸುಳ್ಳು ಹೇಳ್ಕಂಡು ಬದುಕ್ತೈತೆ. ನಂಗೆ ಬೇಕಾದ ಸಾಫ್ಟ್‌ವೇರ್ ಮ್ಯಾಕ್‌ನಾಗೆ ಮಾತ್ರ ನಡೀತಿತ್ತು, ಅಸಲಿ ಕೊಳ್ಳಾಕೆ ನಮ್ಮ ಕೈಲಿ ಆಗ್ಲಿಲ್ಲ. ಏನಾರ ಮುಟ್ಟು. ಅಪ್ಡೇಟ್ ಅಂತ ಬಂದ್ರೆ ಮಾತ್ರ ಮುಟ್ಟಬ್ಯಾಡ!”

“ಹಾಡನ್ನ ಯೂಟ್ಯೂಬಿಗೂ ಹಾಕಿಬಿಡ್ಲಾ?” ಎಂದೂ ಅವನು ಕೇಳಿದ್ದ. ಜನರ ಹಾಡನ್ನು ಕಂಪನಿಯವರ ಗೋದಾಮಿಗೆ ತುಂಬುವುದೆಂದರೇನು ಎಂದು ನಾನು ಎದ್ದು ನಿಂತು ಒಂದು ಭಾಷಣ ಮಾಡಿದೆ. ಬಹಳ ಒಳ್ಳೆಯ ಭಾಷಣ. ಹಾಗಾಗಿ ಆ ಡಬ್ಬಿ ಬಿಟ್ಟರೆ ಹಾಡುಗಳು ಇನ್ನೆಲ್ಲೂ ಇರಲಿಲ್ಲ.

ದಿನಾ ಬೆಳಿಗ್ಗೆ ತರಕಾರಿ ಹೆಚ್ಚುವ ಹೊತ್ತಿಗೆ ಜುಂಜಮ್ಮ ಒಂದು ಹಾಡು ಕೇಳುವಳು. ಒಂದೇ. ಕೇಳುತ್ತಾ ತುಟಿ ಆಡಿಸುವಳು. ಡಬ್ಬಿ ತೆರೆಯುವ ಕೆಲಸ ನನ್ನದು. ತೆರೆದಾಗಲೆಲ್ಲ ಮೂಲೆಯಲ್ಲಿ ಒಂದು ಚೀಟಿ ಮೂಡುತ್ತಿತ್ತು: ಹೊಸ ಅಪ್ಡೇಟ್ ಬಂದಿದೆ, ಈಗ ಹಾಕಬೇಕೋ, ನಾಳೆ ನೆನಪಿಸಬೇಕೋ? ನಾನು ‘ನಾಳೆ’ ಒತ್ತುತ್ತಿದ್ದೆ. ಅದು ಮರುದಿನ ಬರುತ್ತಿತ್ತು. ಮತ್ತೆ ‘ನಾಳೆ’. ಮತ್ತೆ ಬರುತ್ತಿತ್ತು. ಬೈಯಲಿಲ್ಲ, ಕೂಗಲಿಲ್ಲ. ಕೈ ಮುಗಿದುಕೊಂಡು ನಿಂತ ಹಾಗೆ ಮೂಲೆಯಲ್ಲಿ ನಿಲ್ಲುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಕೈಯಲ್ಲಿ ಮನವಿ ಹಿಡಿದು ಕಚೇರಿಗಳ ಮೆಟ್ಟಿಲು ಹತ್ತಿ ಸವೆದ ಮೊಣಕಾಲು ನನ್ನದು. ‘ನಾಳೆ ಬನ್ನಿ’ ಅಂದ ಅಧಿಕಾರಿಗಳ ಹೆಸರು ಹೇಳತೊಡಗಿದರೆ ಎರಡು ದಿನ ಬೇಕು. ಈಗ ನಾನೇ ಕುರ್ಚಿಯಲ್ಲಿ ಕೂತು, ಮನವಿ ತಂದ ಬಡಪಾಯಿಗೆ ‘ನಾಳೆ’ ಅನ್ನುತ್ತಿದ್ದೇನೆ! ಥೂ!

“ಇವತ್ತು ಇದರ ಅಹವಾಲು ಕೇಳೇ ಕೇಳ್ತೀನಿ ಕಣೇ!” ಎಂದೆ.

ಜುಂಜಮ್ಮ ಸ್ಲೇಟು ಎತ್ತಿದಳು. “ಕನಕ ಬ್ಯಾಡ ಅಂದಿಲ್ವಾ?”

“ಜನರ ಬೇಡಿಕೆ ಮುಂದೆ ಕನಕ ಯಾರು?”

“ಅದು ಜನ ಅಲ್ಲ. ಮಿಷನ್ನು.” ಅಡಿಗೆರೆ ಎಳೆದಳು.

ನಾನು ‘ಈಗಲೇ’ ಒತ್ತಿದೆ. ಎದೆ ಹಗುರಾಯಿತು! ಕರ್ನಾಟಕದ ಇತಿಹಾಸದಲ್ಲಿ ಮೊದಲ ಬಾರಿಗೆ ಒಂದು ಮನವಿ ತಕ್ಷಣ ಮಂಜೂರಾಗಿತ್ತು.

ಪರದೆ ಕಪ್ಪಾಯಿತು. ಸೇಬು ಮೂಡಿತು. ಅದರ ಕೆಳಗೊಂದು ಬಿಳಿ ಗೆರೆ ಹೊರಟಿತು. ಅರ್ಧ ದಾರಿಗೆ ಬಂದು ನಿಂತಿತು. ಮುದ್ದೆ ತೊಳಸುವ ಹೊತ್ತಾದರೂ ಅಲ್ಲೇ. ಉಂಡು ಕೈ ತೊಳೆದು ಬಂದರೂ ಅಲ್ಲೇ. ಕನಕನಿಗೆ ಫೋನ್ ಹಚ್ಚಿದೆ. ಹಿಂದೆ ವ್ಯಾನಿನ ತುಂಬಾ ಮಕ್ಕಳ ಗದ್ದಲ.

“ಅಣ್ಣಾ, ಅಪ್ಡೇಟ್ ಒತ್ತಿದ್ಯಾ?”

“ನಾನೆಲ್ಲಿ ಒತ್ತಿದೆ? ಅದು ಕೇಳ್ತು, ನಾನು ಒಪ್ಪಿಗೆ ಕೊಟ್ಟೆ.”

“ಅಯ್ಯೋ ನಿನ್ನ! ಅಪ್ಡೇಟ್ ಅಂದ್ರೆ ತನಿಖೆ ಕಣಣ್ಣ. ಬೋಗಸ್ ರೇಷನ್ ಕಾರ್ಡ್ ಇಟ್ಕಂಡೋನು ತಾನೇ ಹೋಗಿ ಆಫೀಸಿನಾಗೆ ನಿಂತಂಗಾತು. ಹೊಸ ಕಾಗದ ಪತ್ರ ಕೇಳ್ತಾ ಐತೆ ಅದು, ಇದರತ್ರ ಹಳೇವು ಅವೆ. ಹೋಗ್ಲಿ, ಸರಿ ಮಾಡಬೌದು. ಭಾನುವಾರ ಬರ್ತೀನಿ. ಸ್ವಿಚ್ ಆರಿಸಿ ಸುಮ್ಕಿರು.”

ಸುಮ್ಕಿರು! ಪೊಲೀಸರು ಹೇಳಿದಾಗಲೂ ಕೇಳದ ಮಾತನ್ನು ಸ್ಕೂಲ್ ವ್ಯಾನಿನವನು ಹೇಳಿದರೆ ಕೇಳುತ್ತೇನೆಯೇ? ಭಾನುವಾರಕ್ಕೆ ಇನ್ನೂ ಮೂರು ದಿನ. ಜುಂಜಮ್ಮ ಬದನೆಕಾಯಿ ಮುಂದಿಟ್ಟುಕೊಂಡು, ಹೆಚ್ಚದೆ, ಪರದೆಯನ್ನೇ ನೋಡುತ್ತಾ ಕೂತಿದ್ದಳು.

ನನಗೆ ಗೊತ್ತಿರುವುದು ಒಂದೇ ವಿದ್ಯೆ. ಅದನ್ನೇ ಹೂಡಿದೆ. ಮೊದಲ ಹಂತ, ಅನಿರ್ದಿಷ್ಟಾವಧಿ ಧರಣಿ! ಡಬ್ಬಿಯ ಮುಂದೆ ಕಂಬಳಿ ಹಾಸಿ ಕೂತೆ. ಗೆರೆ ಪೂರ್ತಿಯಾಗುವವರೆಗೂ ಏಳುವುದಿಲ್ಲ ಎಂದು ಘೋಷಿಸಿದೆ. ಸಂಜೆಯವರೆಗೂ ಗೆರೆ ಕದಲಲಿಲ್ಲ, ನನ್ನ ಸೊಂಟ ಕದಲಿತು. ಎರಡನೆಯ ಹಂತ, ಬಂದ್! ಪ್ಲಗ್ಗನ್ನೇ ಕಿತ್ತೆ. ಹಾಕಿದೆ. ಸೇಬು ಬಂತು, ಅರ್ಧ ಗೆರೆ ಬಂತು. ಮತ್ತೆ ಕಿತ್ತೆ, ಮತ್ತೆ ಹಾಕಿದೆ. ಡಬ್ಬಿಯೊಳಗಿನ ಫ್ಯಾನು ಗುಂಯ್‌ಗುಟ್ಟಿ ಒಮ್ಮೆ ಏಳುವುದು, ಒಮ್ಮೆ ಬೀಳುವುದು. ಆಡಳಿತ ವರ್ಗ ಒತ್ತಡಕ್ಕೆ ಸಿಕ್ಕಿದೆ ಎಂದು ನನಗೆ ಖುಷಿ!

“ಬಿಡು. ಭಾನುವಾರ ಬರ್ತಾನೆ.” ಎರಡು ಅಡಿಗೆರೆ.

“ಚಳವಳಿ ಅರ್ಧಕ್ಕೆ ಬಿಟ್ಟೋನಲ್ಲ ಈ ಹನುಮಂತಪ್ಪ!”

ಮೂರನೆಯ ಹಂತ ನೇರ ಕಾರ್ಯಾಚರಣೆ. ನಮ್ಮಪ್ಪನ ಕಾಲದ ರೇಡಿಯೋಗೆ ನೆತ್ತಿ ಮೇಲೆ ಒಂದು ಬಿಟ್ಟರೆ ಹಾಡುತ್ತಿತ್ತು. ಇದಕ್ಕೂ ಬಿಟ್ಟೆ. ಒಳಗಿನಿಂದ ಸದ್ದು ಬಂತು. ಟಕ್. ತುಸು ತಡೆದು ಮತ್ತೆ, ಟಕ್.

“ಕೇಳಿದ್ಯಾ? ಕೆಲಸ ಶುರು ಮಾಡ್ತು!” ಎಂದು ಹುರುಪಿನಿಂದ ಇನ್ನೂ ನಾಲ್ಕು ಸಲ ಪ್ಲಗ್ ಕಿತ್ತು ಹಾಕಿದೆ.

ಜುಂಜಮ್ಮ ತಲೆ ವಾರೆ ಮಾಡಿ ಆ ಸದ್ದಿಗೆ ಕಿವಿಗೊಟ್ಟಳು. ಅವಳ ಕಿವಿ ನನ್ನದಕ್ಕಿಂತ ಚುರುಕು.

ಭಾನುವಾರ ಕನಕರಾಜ್ ಬಂದ. ಡಬ್ಬಿಯ ಬೆನ್ನಿಗೆ ಒಂದು ಪೆನ್‌ಡ್ರೈವ್ ಚುಚ್ಚಿ, ಕಪ್ಪು ಪರದೆಯ ಮೇಲೆ ಸಾಲು ಸಾಲು ಬಿಳಿ ಅಕ್ಷರ ಹರಿಸಿ, ಡಬ್ಬಿಗೆ ಬೇಕಾದ ಹೊಸ ಸುಳ್ಳು ದಾಖಲೆಗಳನ್ನೆಲ್ಲ ಒದಗಿಸಿದ. ಜುಂಜಮ್ಮ ಮಂಡಕ್ಕಿ ಒಗ್ಗರಣೆ ಹಾಕಿ ತರುವಷ್ಟರಲ್ಲಿ ಸೇಬು ಬಂತು, ಗೆರೆ ತುದಿ ಮುಟ್ಟಿತು, ಪರದೆ ತುಂಬಾ ಹೊಸ ಬೆಟ್ಟದ ಚಿತ್ರ ಫಳಫಳಿಸಿತು!

“ಹೋರಾಟಕ್ಕೆ ಜಯವಾಗಲಿ!” ಎಂದು ಕೂಗಿದೆ.

ಕನಕ ದನಿಗೂಡಿಸಲಿಲ್ಲ. ಡಬ್ಬಿಗೆ ಕಿವಿ ಹಚ್ಚಿ ಕೂತಿದ್ದ. “ಅಣ್ಣಾ, ಇದಕ್ಕೆ ಹೊಡೆದ್ಯಾ?”

“ಕೈಲಿ. ಮೆಲ್ಲಗೆ. ಒಂದೇ ಏಟು.”

ಜುಂಜಮ್ಮ ಸ್ಲೇಟನ್ನು ನನ್ನ ಕಡೆಗಲ್ಲ, ಅವನ ಕಡೆ ತಿರುಗಿಸಿ ಹಿಡಿದಳು. “ಮುದ್ದೆ ಕೋಲಾಗೆ. ಎರಡು.”

ಕನಕ ಡಬ್ಬಿ ಬಿಚ್ಚಿ ಒಳಗಿನ ಎರಡು ಡಿಸ್ಕು ತೋರಿಸಿದ. “ನೋಡಣ್ಣ, ಮ್ಯಾಕ್ ಇರಾದು ಇದ್ರಾಗೆ. ಹಾಡು ಇರಾದು ಅದ್ರಾಗೆ. ಅದು ಹಳೇದು. ಒಳಗೆ ತಟ್ಟೆ ತಿರುಗ್ತೈತೆ, ಮೇಲೆ ಮುಳ್ಳು ಓಡಾಡ್ತೈತೆ. ತಿರುಗುವಾಗ ಏಟು ಬಿದ್ರೆ ಮುಳ್ಳು ತಟ್ಟೆಗೆ ಬಡೀತೈತೆ. ಆಮೇಲೆ ಪ್ಲಗ್ ಹಾಕಿದಾಗೆಲ್ಲ ಕೆರೀತಾ ಹೋಗ್ತೈತೆ. ಅಪ್ಡೇಟ್ ಕೆಡಿಸಿದ್ದು ಮ್ಯಾಕ್‌ನ ಮಾತ್ರ. ಹಾಡಿಗೆ ಏನೂ ಆಗಿರ್ಲಿಲ್ಲ. ನೀನು ಸುಮ್ಕಿದ್ದಿದ್ರೆ...”

ಮಂಡಕ್ಕಿ ತಣ್ಣಗಾಗಿ ಮೆತ್ತಗಾಯಿತು. ಯಾರೂ ತಿನ್ನಲಿಲ್ಲ.

ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಚಿತ್ರದುರ್ಗಕ್ಕೆ ಒಯ್ದೆ. ಕಂಪ್ಯೂಟರ್ ರಿಪೇರಿಯ ನಾಗಭೂಷಣ ಅದನ್ನು ಎಲ್ಲಿಗೋ ಕಳಿಸಿದ. ಅಲ್ಲಿ ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ ನೋಡುತ್ತಾರಂತೆ. ತಿಂಗಳಾದ ಮೇಲೆ ವಾಪಸ್ ಬಂತು.

“ತಟ್ಟೆ ತುಂಬಾ ಗೀರು ಬಿದ್ದಾವೆ ಯಜಮಾನ್ರೆ. ಇದ್ರಾಗೆ ಏನೂ ಉಳಿದಿಲ್ಲ. ಕುಂತ್ಕಳ್ರಿ, ಚಾ ಹೇಳ್ತೀನಿ.”

ಕೂರಲಿಲ್ಲ. ಯಾರ ವಿರುದ್ಧ ಧಿಕ್ಕಾರ ಕೂಗಬೇಕೆಂದು ತಿಳಿಯದೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಅಂಥ ಗತಿ ನನಗೆ ಹಿಂದೆ ಬಂದಿರಲಿಲ್ಲ.

ಮನೆಗೆ ಬಂದು ಹೇಳಿದೆ. ಬೈಯುತ್ತಾಳೆ ಎಂದು ಹೊಸ ಬಳಪದ ಡಬ್ಬಿಯನ್ನೂ ತಂದಿದ್ದೆ. ಅವಳು ಅದನ್ನು ಒಡೆಯಲಿಲ್ಲ. ಸ್ಲೇಟು ಖಾಲಿಯಾಗಿಯೇ ಇತ್ತು, ಮರುದಿನವೂ, ಅದರ ಮರುದಿನವೂ. ಹೆಂಡತಿಯ ಮೌನ ಏನೆಂದು ನನಗೆ ಗೊತ್ತಾದದ್ದು ಆಪರೇಷನ್ ಆದಾಗ ಅಲ್ಲ, ಆಗ. ಬೆಳಿಗ್ಗೆ ತರಕಾರಿ ಹಿಡಿದು ಡಬ್ಬಿಯ ಮುಂದೆ ಕೂರುತ್ತಿದ್ದಳು. ತೆರೆ ಎಂದು ಕೈ ಮಾಡುತ್ತಿದ್ದಳು. ನಾನು ತೆರೆಯುತ್ತಿದ್ದೆ. ಹೊಸ ಬೆಟ್ಟ ಫಳಫಳಿಸುತ್ತಿತ್ತು, ಎಲ್ಲಾ ಅಪ್ಡೇಟ್ ಆಗಿ! ಹಾಡಿಲ್ಲದ ಪರದೆ ನೋಡುತ್ತಾ ಅವಳು ತುಟಿ ಆಡಿಸುತ್ತಿದ್ದಳು. ನಾನು ಕುರಿ ಹಟ್ಟಿ ಕಡೆ ಎದ್ದು ಹೋಗುತ್ತಿದ್ದೆ. ಅಲ್ಲಿ ಕೆಲಸವೇನೂ ಇರುತ್ತಿರಲಿಲ್ಲ.

ಒಂದು ದಿನ ಹಟ್ಟಿಯಲ್ಲಿ ಕೂತಿದ್ದಾಗ ಹೊಳೆಯಿತು. ನಮ್ಮ ಧರಣಿಗಳಲ್ಲಿ ಫೋನ್ ಎತ್ತಿ ಹಿಡಿಯದವರು ಯಾರಿದ್ದರು? ಸಾವಿರ ಫೋನುಗಳಲ್ಲಿ ಜುಂಜಮ್ಮನ ದನಿ ಇದ್ದೇ ಇರುತ್ತದೆ! ಹೊರಟೆ. ಐಮಂಗಲ, ಮದಕರಿಪುರ, ಹೊಸದುರ್ಗ, ಹೊಳಲ್ಕೆರೆ. ಹಳೆಯ ಸಂಗಾತಿಗಳ ಮನೆ ಮನೆ ಹೊಕ್ಕೆ. ಎಲ್ಲರೂ ಹುಡುಕಿ ಕೊಟ್ಟರು. ಫೋನಿನ ಹೊಟ್ಟೆ ತುಂಬಿಸಿಕೊಂಡು ಬಂದು ಜುಂಜಮ್ಮನ ಮುಂದೆ ವೀರನಂತೆ ಕೂತು ಒಂದೊಂದಾಗಿ ಹಚ್ಚಿದೆ.

ಮೊದಲನೆಯದರಲ್ಲಿ ನಾನು, ತೋಳೆತ್ತಿ ಗರ್ಜಿಸುತ್ತಿದ್ದೇನೆ. ಎರಡನೆಯದರಲ್ಲಿ ನಾನು. ಮೂರನೆಯದರಲ್ಲಿಯೂ ನಾನೇ, ಬೇರೆ ಟವೆಲ್ ಹೊದ್ದು. ಭಾಷಣ ಮುಗಿಸಿ ‘ಈಗ ಜುಂಜಮ್ಮ ಹಾಡ್ತಾಳೆ’ ಅನ್ನುತ್ತೇನೆ. ಅಲ್ಲಿಗೆ ಚಿತ್ರ ಗಿರ್ರನೆ ತಿರುಗುತ್ತದೆ, ಆಕಾಶ, ಯಾರದೋ ಚಪ್ಪಲಿ, ಆಮೇಲೆ ಕಗ್ಗತ್ತಲೆ. ಜೇಬಿನ ಬಟ್ಟೆ ಕೆರೆಯುವ ಸದ್ದು. ಅದರ ಮೇಲೆ ದಬದಬ ಚಪ್ಪಾಳೆ. ಎಲ್ಲದರ ಅಡಿಯಲ್ಲಿ ನೂಲಿನೆಳೆಯಷ್ಟು ಏನೋ ಒಂದು, ದನಿಯೋ ಗಾಳಿಯೋ ಗೊತ್ತಾಗದು. ನಾಲ್ಕನೆಯದೂ ಹಾಗೆಯೇ, ಹತ್ತನೆಯದೂ ಹಾಗೆಯೇ!

“ಮುಟ್ಠಾಳರು!” ಎಂದು ಕಿರುಚಿದೆ. “ನನ್ನ ಭಾಷಣ ಪೂರ್ತಿ ಹಿಡಿದವ್ರೆ! ಹಾಡು ಬಂತು ಅಂದ್ರೆ ಎಲ್ರೂ ಫೋನ್ ಜೇಬಿಗೆ! ಯಾಕಂತೆ?”

ಜುಂಜಮ್ಮನ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ಹೆದರಿದೆ. ನಗುತ್ತಿದ್ದಳು. ಕಣ್ಣಲ್ಲಿ ನೀರೂ ಇತ್ತು. ಎಷ್ಟೋ ದಿನಗಳ ಮೇಲೆ ಹೊಸ ಬಳಪದ ಡಬ್ಬಿ ಒಡೆದು ಬರೆದಳು.

“ಚಪ್ಪಾಳೆಗೆ ಎರಡು ಕೈ ಬೇಕು.”

ಅಳಿಸಿ, ಮತ್ತೆ ಬರೆದಳು.

“ನಿನ್ನ ಭಾಷಣದಾಗೆ ಯಾರ ಕೈಗೂ ಕೆಲ್ಸ ಇರ್ಲಿಲ್ಲ.”

ಆ ಸ್ಲೇಟನ್ನು ಒಯ್ದು ಬಾಗಿಲಿಗೆ ಒರಗಿಸಿದಳು. ಈಗಲೂ ಅಲ್ಲೇ ಇದೆ, ಜಗಳಕ್ಕೆ ಇನ್ನೊಂದು ಸ್ಲೇಟು ಕೊಂಡಿದ್ದೇವೆ. ಬಂದವರೆಲ್ಲ ಓದುತ್ತಾರೆ.

ಓದುತ್ತಿರುವವರೇ, ನಕ್ಕಿದ್ದು ಸಾಕು, ಈಗ ಫೋನ್ ತೆಗೆಯಿರಿ. ಆ ಗುಂಪಿನಲ್ಲಿ ಚಪ್ಪಾಳೆ ಹೊಡೆಯದೆ ನಿಂತವರು ನಿಮ್ಮಲ್ಲಿ ಒಬ್ಬರಾದರೂ ಇರಲೇಬೇಕು. ಮಗು ಎತ್ತಿಕೊಂಡವರು ಇರಬಹುದು, ಕೈಗೆ ಪಟ್ಟಿ ಕಟ್ಟಿಸಿಕೊಂಡವರು ಇರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಮೇಲೆ ಕೇಸು ಹಾಕಲೆಂದು ಮಫ್ತಿಯಲ್ಲಿ ಬಂದು, ಕದಲದೆ ನಿಂತು, ಮೊದಲಿಂದ ಕೊನೆಯವರೆಗೂ ವಿಡಿಯೋ ಹಿಡಿದ ಪೊಲೀಸಪ್ಪ, ನೀವೂ ಇದನ್ನು ಓದುತ್ತಿರಬಹುದು. ಚಪ್ಪಾಳೆ ಹೊಡೆಯುವ ಅಧಿಕಾರ ನಿಮಗಿರಲಿಲ್ಲ. ನಿಮ್ಮ ಫೋನು ಜೇಬಿಗೆ ಹೋಗಿರುವುದಿಲ್ಲ. ಹುಡುಕಿ. ನನ್ನ ಭಾಷಣ ಕತ್ತರಿಸಿ ಬಿಸಾಕಿ. ಕೇಸು ಬೇಕಾದರೆ ಇನ್ನೊಂದು ಹಾಕಿಕೊಳ್ಳಿ.

ಹಾಡು ಕೊಡಿ.