ಅಳಿಯನ ಮುಂದೆ ಆಡದ ಮಾತು

ಫೋನಿನ ಬ್ಯಾಟರಿ ನಡುವೆಯೇ ಪ್ರಾಣ ಬಿಡಬಹುದಿತ್ತು. ಚಾರ್ಜರ್ ಒಯ್ದರೂ ಬ್ಯಾಡಗಿಯಲ್ಲಿ ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದರೂ ಮಿಕ್ಸರ್ ಹಚ್ಚಲೆಂದು ಯಾರಾದರೂ ನನ್ನ ಚಾರ್ಜರ್ ಕಿತ್ತಿಡಬಹುದಿತ್ತು. ಎಲ್ಲವೂ ನೆಟ್ಟಗಿದ್ದು, ನಾನೇ ಧ್ವನಿಮುದ್ರಣದ ಕೆಂಪು ಗುಂಡಿ ಒತ್ತಲು ಮರೆತು, ಇಡೀ ಮಧ್ಯಾಹ್ನ ಖಾಲಿ ಫೋನಿನ ಮುಂದೆ ಭಕ್ತಿಯಿಂದ ಕುಳಿತಿರಬಹುದಿತ್ತು. ಫೋನು ಮೆಣಸಿನಕಾಯಿ ಚೀಲದೊಳಗೆ ಜಾರಿ, ಖಾರ ಕುಟ್ಟುವ ಗಿರಣಿಗೆ ಹೋಗಿ, ನಮ್ಮ ಮನೆಯ ವರ್ಷದ ಸಾರಿನಲ್ಲಿ ಕೂಡಿಬಿಡಬಹುದಿತ್ತು. ಅತ್ತೆಯವರಿಗೆ ಗಂಟಲು ಕಟ್ಟಬಹುದಿತ್ತು. ಅವರಿಗೆ ವಯಸ್ಸಾಗಿದೆ, ಅದಕ್ಕಿಂತ ದೊಡ್ಡದೂ ಆಗಬಹುದಿತ್ತು. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ರಾಣೇಬೆನ್ನೂರಿನಲ್ಲಿ ಬಸ್ಸು ಹತ್ತಿದವನು ಮೋಟೆಬೆನ್ನೂರು ಬರುವವರೆಗೂ ಅದನ್ನೇ ಯೋಚಿಸುತ್ತಿದ್ದೆ. ಇವುಗಳಲ್ಲಿ ಒಂದೂ ಆಗಲಿಲ್ಲ. ಬೇರೆಯವರಿಗೆ ಇದು ನೆಮ್ಮದಿಯ ಸಂಗತಿ. ನನ್ನಂಥವನಿಗೆ ಹಾಗಲ್ಲ. ಎಣಿಸಿದ ಕೇಡು ಬರಲಿಲ್ಲವೆಂದರೆ ಎಣಿಸದ ಕೇಡೊಂದು ಎಲ್ಲೋ ಚಪ್ಪಲಿ ಮೆಟ್ಟಿಕೊಂಡು ಹೊರಟಿದೆ ಎಂದೇ ಅರ್ಥ.

ನಾನು ರಾಣೇಬೆನ್ನೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವನು. ಭಾಷೆಯ ಚರಿತ್ರೆ ನನ್ನ ಪ್ರೀತಿಯ ವಿಷಯ. ಹಾಲು ಒಂದು ಕಾಲಕ್ಕೆ ಪಾಲಾಗಿತ್ತು, ಹಲ್ಲು ಪಲ್ಲಾಗಿತ್ತು ಎಂದು ಹೇಳುವಾಗ ನನ್ನ ಮೈಯಲ್ಲಿ ಮಿಂಚು ಹರಿಯುತ್ತದೆ, ಹುಡುಗರ ಮೈಯಲ್ಲಿ ನಿದ್ದೆ ಹರಿಯುತ್ತದೆ. ಅದಿರಲಿ. ಈಗ ವಿದ್ವಾಂಸರು ಕಾರ್ಪಸ್ ಎಂಬುದನ್ನು ಕಟ್ಟುತ್ತಾರೆ. ಜನ ಬರೆದದ್ದು, ಆಡಿದ್ದು ಎಲ್ಲವನ್ನೂ ಕಂಪ್ಯೂಟರಿನೊಳಗೆ ರಾಶಿ ಹಾಕಿ, ಬೇಕಾದ ಪದ ಎಲ್ಲೆಲ್ಲಿ, ಎಷ್ಟು ಸಲ, ಯಾರ ಬಾಯಲ್ಲಿ ಬಂದಿದೆ ಎಂದು ಹುಡುಕುವ ಏರ್ಪಾಡು. ನನ್ನ ಹೆಂಡತಿ ಗಿರಿಜೆಗೆ ಇದನ್ನು ವಿವರಿಸಿದಾಗ, "ಅಂದ್ರ ಮಾತಿನ ಹಗೇವು ಅನ್ರಿ" ಎಂದಳು. ಜೋಳ ತುಂಬಿಡಲು ನೆಲದಲ್ಲಿ ತೋಡುವ ಹಗೇವು. ನಾನು ಅರ್ಧ ಗಂಟೆ ತೆಗೆದುಕೊಂಡಿದ್ದನ್ನು ಅವಳು ಒಂದೇ ಪದದಲ್ಲಿ ಮುಗಿಸಿದ್ದು ನನಗೆ ಅಷ್ಟು ಸೇರಲಿಲ್ಲ.

ಈ ಹಗೇವಿನಲ್ಲಿ ಹಳೆಯ ಕಾಲದ್ದೆಂದು ತುಂಬಿರುವುದೆಲ್ಲ ಶಾಸನ ಮತ್ತು ಕಾವ್ಯ. ಅಲ್ಲಿ ಹುಡುಕಿದರೆ ಆನೆ ಸಿಗುತ್ತದೆ, ತಾವರೆ ಸಿಗುತ್ತದೆ, ಕತ್ತಿ, ಕೀರ್ತಿ, ಭೂಮಿದಾನ ಧಾರಾಳವಾಗಿ ಸಿಗುತ್ತವೆ. ಅದನ್ನೇ ನಂಬಿದರೆ ನಮ್ಮ ಹಿರಿಯರು ಬೆಳಗಿನಿಂದ ಸಂಜೆಯವರೆಗೆ ಒಬ್ಬರನ್ನೊಬ್ಬರು ಕೊಂದರು, ಉಳಿದವರನ್ನು ಹೊಗಳಿದರು. "ಹಾಲು ಉಕ್ಕಾಕತ್ತೇತಿ ನೋಡs" ಎಂದು ಒಬ್ಬರೂ ಕೂಗಿಲ್ಲ. ಪಾಲು ಹಾಲಾದದ್ದು ಯಾವುದೋ ಅಡುಗೆಮನೆಯಲ್ಲೇ ಇರಬೇಕು, ಅಲ್ಲಿಗೆ ಶಾಸನ ಕೆತ್ತುವವನು ಹೋಗಿರಲಿಲ್ಲ. ಈ ತಪ್ಪು ಮುಂದೆ ಆಗಬಾರದೆಂದು ವಿಶ್ವವಿದ್ಯಾಲಯವೊಂದು ಜಿಲ್ಲೆಜಿಲ್ಲೆಯ ಮನೆಮಾತನ್ನು ಧ್ವನಿಮುದ್ರಿಸಲು ಹೊರಟಿತು. ಯೋಜನೆಯ ಮುಖ್ಯಸ್ಥೆ ಮೈಸೂರು ಕಡೆಯ ಮೇಡಂ ಒಬ್ಬರು. ಅವರ ಸಭೆಯಲ್ಲಿ ನಾನು, ಯಾರೂ ಕೇಳದಿದ್ದರೂ ಎದ್ದು ನಿಂತು, "ನಮ್ಮ ಅತ್ತೆಯವರ ಮನೆ ಬ್ಯಾಡಗಿಯಲ್ಲಿದೆ. ಅಲ್ಲಿ ಹೆಂಗಸರು ಕೂಡಿದರೆ ಮಾತು ನಿಲ್ಲುವುದೇ ಇಲ್ಲ" ಎಂದು ಎದೆ ತಟ್ಟಿ ಹೇಳಿಬಿಟ್ಟೆ. ಮೇಡಂ ನಕ್ಕು ಒಪ್ಪಿದರು. ಆಮೇಲೆ ತಣ್ಣಗೆ, "ಸಹಜವಾದ ಮಾತೇ ಬೇಕು. ನಿಮ್ಮಿಂದ ಬರದಿದ್ದರೆ ಧಾರವಾಡದ್ದು ಇದ್ದೇ ಇದೆ, ಹಾವೇರಿಗೂ ಅದನ್ನೇ ಹಾಕಿಬಿಡೋಣ" ಎಂದರು. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ಕುಳಿತಿತು. ಯಾವತ್ತೂ ನಮ್ಮನ್ನು ಧಾರವಾಡದ ಬಾಲ ಎಂದೇ ತಿಳಿಯುತ್ತಾರೆ. ಇನ್ನು ಮುಂದಿನ ಪೀಳಿಗೆಯೂ ಹಾಗೇ ತಿಳಿಯುತ್ತದೆ, ಅದೂ ನನ್ನಿಂದ!

ಹೀಗಾಗಿ ಅತ್ತೆಯವರ ಮನೆಯಲ್ಲಿ ವರ್ಷದ ಖಾರದಪುಡಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ದಿನವನ್ನೇ ಆರಿಸಿಕೊಂಡೆ. ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂಡುತ್ತಾರೆ, ಕೈ ಕೆಲಸಕ್ಕೆ, ಬಾಯಿ ಲೋಕಕ್ಕೆ. ಇದಕ್ಕಿಂತ ಸಹಜ ಎಲ್ಲಿ ಸಿಕ್ಕೀತು? ಲೆಕ್ಕಾಚಾರದಲ್ಲಿ ನಾನು ಮರೆತದ್ದು ಒಂದನ್ನೇ: ಆ ಮನೆಗೆ ನಾನು ಅಳಿಯ. ಹೊಸ್ತಿಲು ದಾಟಿದ ಕೂಡಲೇ ಪಡಸಾಲೆಯಲ್ಲಿ ರೇಡಿಯೋದ ಕಿವಿ ಹಿಂಡಿದ ಹಾಗೆ ಮಾತು ನಿಂತಿತು. ಖಾರದ ಘಾಟಿಗೆ ಬಾಯಿ ಮೇಲೆ ಮೊದಲೇ ಸೆರಗಿತ್ತು, ಅಳಿಯನ ಮರ್ಯಾದೆಗೆ ಅದೇ ಸೆರಗು ತಲೆಯ ಮೇಲೂ ಬಂತು. ನಡುವೆ ಕಣ್ಣುಗಳು ಮಾತ್ರ ಉಳಿದವು.

"ಬರ್ರಿ, ಬರ್ರಿ. ಕುಂದ್ರಿ. ಕುರ್ಚಿ ತರ್ರೇ ಅಳಿಯಾರಿಗೆ" ಎಂದರು ಅತ್ತೆ.

"ಕುರ್ಚಿ ಬ್ಯಾಡ್ರಿ ಅತ್ತೀ. ನಾ ಇಲ್ಲೇ ಕುಂದರ್ತೇನಿ. ನೀವು ಮಾತಾಡ್ರಿ, ನಾ ಇಲ್ಲs ಇಲ್ಲ ಅಂತ ತಿಳ್ಕೋರಿ."

"ಇದ್ದವರನ್ನ ಇಲ್ಲ ಅಂತ ಹೆಂಗ ತಿಳ್ಕೋಬೇಕ್ರಿ? ಬಿಡ್ತು ಅನ್ರಿ!"

ಫೋನನ್ನು ಮೊರದ ಪಕ್ಕಕ್ಕಿಟ್ಟು, ಮನೆಯ ಸುದ್ದಿ ಏನಾದರೂ ಹೇಳಿರೆಂದು ಅಂಗಲಾಚಿದೆ. ಅತ್ತೆ ಸೆರಗು ಸರಿಪಡಿಸಿಕೊಂಡು, ಫೋನಿಗೆ ಕೈಮುಗಿದು, "ಎಲ್ಲರಿಗೂ ನಮಸ್ಕಾರಗಳು. ಬ್ಯಾಡಗಿ ಮೆಣಸಿನಕಾಯಿಯು ತನ್ನ ಬಣ್ಣಕ್ಕೆ ಹೆಸರುವಾಸಿಯಾಗಿರುತ್ತದೆ" ಎಂದರು. ಅಷ್ಟು ಶುದ್ಧವಾದ ಗ್ರಾಂಥಿಕ ಕನ್ನಡವನ್ನು ನನ್ನ ಸಹೋದ್ಯೋಗಿಗಳ ಬಾಯಲ್ಲೂ ಕೇಳಿಲ್ಲ. ಪಕ್ಕದ ಮನೆಯ ನೀಲವ್ವ, ಓಣಿಗೇ ದನಿ ಕೇಳಿಸುವಂಥ ಹೆಂಗಸು, ನಾನು ಏನು ಕೇಳಿದರೂ "ಹ್ಞೂಂರಿ" ಎಂದರು. ಉಳಿದದ್ದು ಸೀನು. ಒಬ್ಬರಾದ ಮೇಲೊಬ್ಬರು, ಸರದಿ ಹಚ್ಚಿದ ಹಾಗೆ ಸೀನಿದರು. ನನ್ನ ಕಣ್ಣಲ್ಲಿ ನೀರು ಬಂತು. ಅದರಲ್ಲಿ ಅರ್ಧ ಮಾತ್ರ ಮೆಣಸಿನಕಾಯಿಯದು.

ಕೊನೆಗೆ, ತೊಟ್ಟು ಬಿಡಿಸಲು ತವರಿಗೆ ಬಂದಿದ್ದ ಗಿರಿಜೆ ನನ್ನನ್ನು ಬಾಗಿಲಿಗೆ ಕರೆದು, "ನೀವು ಇಲ್ಲಿ ಇರೂತನ ಯಾರೂ ಬಾಯಿ ಬಿಡೂದಿಲ್ಲ. ಹೊರಗ ಕಟ್ಟೀ ಮ್ಯಾಲ ಹೋಗಿ ಕುಂದ್ರಿ. ಫೋನ್ ನಾ ನೋಡ್ಕೋತೇನಿ" ಎಂದಳು.

"ಕೆಂಪು ದೀಪಾ ಹೋದ್ರ?"

"ಹೇಳ್ತೇನಿ."

"ಯಾರರ ಫೋನ್ ಮಾಡಿಬಿಟ್ರ?"

"ಹೋಗ್ರಿ ಅಂದೆ!"

ಹೋದೆ. ಕಟ್ಟೆಯ ಮೇಲೆ ಕುಳಿತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಏಳುವ ನಡುವಿನ ಬಿಡುವಿನಲ್ಲಿ ಅಷ್ಟಷ್ಟು ಕುಳಿತೆ. ಆಗಾಗ ಕಿಟಕಿಗೆ ಮುಖ ಹಚ್ಚಿ, "ಗಿರಿಜಾ, ದೀಪಾ ಐತೇನ?" ಎಂದು ಕೇಳಿದೆ. ಪ್ರತಿ ಸಲವೂ ಒಳಗೆ ಥಟ್ಟನೆ ಮೌನ, ನಾನು ತಿರುಗಿದ ಕೂಡಲೇ ನಗೆ. ಏನೋ ತಮಾಷೆಯ ವಿಷಯ ನಡೆದಿದೆ, ಕಾರ್ಪಸ್ಸಿಗೆ ಒಳ್ಳೆಯದಾಯಿತು ಎಂದು ಹಿಗ್ಗಿದೆ.

ಊರಿಗೆ ಮರಳಿ, ಬಾಗಿಲು ಮುಚ್ಚಿ ಕೇಳಿದೆ. ಎಂಥ ಮಾತು! ಎಂಥ ಲಯ! ಸೆರಗು ಸರಿಸಿ, ದನಿ ಬಿಚ್ಚಿ ಮಾತಾಡಿದ್ದರು. ಮೊದಲು ಕೇಳಿದ್ದು ನೀಲವ್ವನ ದನಿ.

"ಹೋದರೇನs ಅಳಿಯಾರು?"

"ಹ್ಞೂ, ಕಟ್ಟೀಗೆ ಹೋದ್ರು."

"ಅಲ್ಲೇನವ್ವಾ ಅದು, ಹೆರಿಗಿ ವಾರ್ಡಿನ ಹೊರಗ ನಿಂತಂಗ ನಿಂತಾರಲ್ಲ! ಯಾಕ ಅಷ್ಟು ಒದ್ದಾಡಾಕತ್ತಾರ?"

ಅತ್ತೆ ನಿಟ್ಟುಸಿರು ಬಿಟ್ಟದ್ದು ಸ್ಪಷ್ಟವಾಗಿ ಕೇಳಿಸಿತು. "ಮೊದಲಿಂದೂ ಹಂಗs. ಅಂಜುಬುರುಕ ಅಂದ್ರ ಅಂಥಾ ಅಂಜುಬುರುಕ. ಮದುವೀ ದಿನ ತಾಳಿ ಬಿಚ್ಚೀತು ಅಂತ ಗಂಟಿನ ಮ್ಯಾಲ ಗಂಟು ಹಾಕಾಕತ್ತಿದ್ದರು. ಸಾಕ ಬಿಡೋ ತಮ್ಮಾ, ಎತ್ತು ಕಟ್ಟಾಕತ್ತಿಲ್ಲ ನೀ, ಅಂದ್ರು ಮಂತ್ರಾ ಹೇಳೂ ಅಯ್ಯನೋರು."

ಈಗ ನನ್ನ ಗಿರಿಜೆಯ ಸರದಿ. "ಅದೇನ್ ಕೇಳ್ತೀ ಬಿಡವ್ವಾ. ಮೊನ್ನಿ ಲಗ್ನಕ್ಕ ಹೊಂಟ್ರ, ಕೀಲಿ ಹಾಕೇನೋ ಇಲ್ಲೋ ಅಂತ ಹಲಗೇರಿಯಿಂದ ಹೊಳ್ಳಿ ಬಂದ್ರು. ಬಂದು ನೋಡಿದ್ರ ಹಾಕಿದ್ದು ಹಂಗs ಐತಿ. ಮತ್ತೊಮ್ಮಿ ತಗದು ಹಾಕಿದ್ರು. ಬಸ್ಸಿನಾಗ ಕುಂತು, ಎರಡನೇ ಸಲ ಹಾಕೇನೋ ಇಲ್ಲೋ, ಅಂತ ಶುರು ಮಾಡಿದ್ರು!"

"ಅಯ್ಯ ಅಂಜುಬುರುಕs!" ಎಂದಿತು ಪಡಸಾಲೆಯಲ್ಲಿದ್ದ ಸಮಸ್ತ ಸ್ತ್ರೀಕುಲ. ಆಮೇಲೆ ಅವರವರ ಗಂಡಂದಿರ ಸುದ್ದಿ ಬಂದೀತೆಂದು ಆಸೆಯಿಂದ ಕಾದೆ. ಬರಲಿಲ್ಲ. ಮಧ್ಯಾಹ್ನಕ್ಕೆ ನಾನೊಬ್ಬನೇ ಸಾಲಿದ್ದೆ.

ಅಳಿಸಿಬಿಡಲೇ ಎಂದು ಗಿರಿಜೆಯನ್ನು ಕೇಳಿದೆ. "ಅಳಸ್ರಿ. ಉಳಿಯೂದು ಬರೇ ಸೀನು. ಧಾರವಾಡದವ್ರು ಖುಷಿ ಪಡ್ತಾರ" ಎಂದಳು. ಬೆರಳು ಅಳಿಸುವ ಗುಂಡಿಯ ಮೇಲಿತ್ತು, ಹಾವೇರಿ ಜಿಲ್ಲೆ ಬೆರಳಿನ ಕೆಳಗಿತ್ತು. ಯೋಜನೆಯ ನಿಯಮವನ್ನು ಮತ್ತೆ ಓದಿದೆ. ಮಾತಾಡಿದವರ ಒಪ್ಪಿಗೆ ಬೇಕು ಎಂದಿತ್ತು. ಯಾರನ್ನು ಕುರಿತು ಆಡಿದರೋ ಅವನ ಬಗ್ಗೆ ಚಕಾರವಿರಲಿಲ್ಲ. ಕಡೆಯ ಆಸೆಯಿಂದ ಬ್ಯಾಡಗಿಗೆ ಫೋನು ಹಚ್ಚಿದೆ. ಅತ್ತೆಯವರು ತುಂಬು ಮರ್ಯಾದೆಯಿಂದ, "ಕಳಸ್ರಿ, ಕಳಸ್ರಿ. ಎಲ್ಲಾರೂ ಹ್ಞೂ ಅಂದಾರ. ಸಾಲದಿದ್ರ ಮತ್ತ ಬರ್ರಿ, ಇನ್ನೂ ಅದಾವು" ಎಂದರು. ಮರ್ಯಾದೆ ನುಂಗಿಕೊಂಡು ಕಳಿಸಿದೆ.

ಮೇಡಂ ಕುಣಿದಾಡಿದರು. ಇಷ್ಟು ಜೀವಂತ ಮಾತು ಬೇರೆ ಎಲ್ಲಿಂದಲೂ ಬಂದಿಲ್ಲವಂತೆ. ನಿಯಮದ ಪ್ರಕಾರ ಹೆಸರುಗಳನ್ನೆಲ್ಲ ತೆಗೆದುಹಾಕಿದ್ದರಿಂದ ಅಳಿಯ ಯಾರೆಂಬುದೂ ಯಾರಿಗೂ ಗೊತ್ತಾಗುವಂತಿರಲಿಲ್ಲ. ಮೇಡಂ ಕೂಡ ಮಾತಿನ ಲಯ ಕೇಳಿದರೇ ಹೊರತು ಅಳಿಯ ಯಾರೆಂದು ಕೇಳಲಿಲ್ಲ. ಹಾವೇರಿ ಹಾವೇರಿಯಾಗಿಯೇ ಉಳಿಯಿತು. ಇನ್ನೇನು ನಿರಾತಂಕವಾಗಿ ಉಸಿರಾಡಬೇಕು ಎನ್ನುವಷ್ಟರಲ್ಲಿ ಮೊನ್ನೆ ಅವರದೇ ಫೋನು.

"ಸರ್, ಒಂದು ಸೋಜಿಗ ಕಂಡಿದೀವಿ. 'ಅಂಜುಬುರುಕ' ಅನ್ನೋ ಪದ ನಿಮ್ಮ ಜಿಲ್ಲೆಯಲ್ಲಿ ಬಂದಷ್ಟು ಸಲ ಬೇರೆ ಎಲ್ಲೂ ಬಂದಿಲ್ಲ. ನಿಮ್ಮ ಜನರಲ್ಲಿ ಇಷ್ಟೊಂದು ಅಂಜಿಕೆ ಯಾಕೆ? ದಾಳಿ, ವಲಸೆ, ಏನಾದ್ರೂ ಚಾರಿತ್ರಿಕ ಕಾರಣ ಇರಬಹುದಾ?"

ಆ ಪದ ಜಿಲ್ಲೆಯದಲ್ಲ ಮೇಡಂ, ನನ್ನೊಬ್ಬನದು ಎಂದು ಹೇಳಿದ್ದರೆ ಎರಡೇ ನಿಮಿಷದಲ್ಲಿ ಮುಗಿಯುತ್ತಿತ್ತು. ಹೇಳಲು ಬಾಯಿಯನ್ನೂ ತೆರೆದೆ. ಆದರೆ ಅಂಜಿಕೆಯಾಯಿತು. "ಇರಬಹುದು ಮೇಡಂ" ಎಂದುಬಿಟ್ಟೆ. "ಹಾಗಾದರೆ ನೀವೇ ಒಂದು ಟಿಪ್ಪಣಿ ಬರೆದುಕೊಡಿ" ಎಂದರು. ಈಗ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಸಮಸ್ತ ಜನ ಯಾವ ಶತಮಾನದಿಂದ ಅಂಜುತ್ತ ಬಂದಿದ್ದಾರೆಂದು ಬರೆಯಲು ಕುಳಿತಿದ್ದೇನೆ.