ಕಾಲುವೆಯ ಅಜ್ಜನೂ ಮೂರು ದಿನದ ನಿದ್ದೆಯೂ

ನೀರಿನ ಮಟ್ಟಕ್ಕಿಂತ ಕೆಳಗಿರುವ ಊರು ಎಂದರೆ ಕಿಟಕಿಯಾಚೆ ಮೀನು ಓಡಾಡುತ್ತವೆ ಎಂದು ಬಸವೇಶ ಏಳನೇ ಇಯತ್ತೆಯವರೆಗೂ ನಂಬಿದ್ದ. ಕೆನಡಾಕ್ಕೆ ಬಂದು ಮಿಲ್ಟನ್ ಊರಿನ ವೇರ್‌ಹೌಸಿನಲ್ಲಿ ಡಬ್ಬ ಎತ್ತುವ ಕೆಲಸಕ್ಕೆ ಸೇರಿದ ಮೇಲೂ ಆ ನಂಬಿಕೆ ಪೂರ್ತಿ ಬಿಟ್ಟಿರಲಿಲ್ಲ. ಕಣ್ಣಾರೆ ನೋಡಿಬಿಡೋಣವೆಂದು, 2017ರ ಅಕ್ಟೋಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮೂರು ದಿನದ ರಜೆಗೆ ಟೊರಾಂಟೊದ ಉತ್ತರಕ್ಕೆ, ಬತ್ತಿಸಿದ ಜೌಗಿನಲ್ಲಿ ಡಚ್ಚರು ಕಟ್ಟಿಕೊಂಡ ಅಂಥದೇ ಒಂದು ಹಳ್ಳಿಯಲ್ಲಿ ಮನೆ ಹಿಡಿದ.

ಹೆಂಡತಿ ಜ್ಯೋತ್ಸ್ನಾ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿಯವಳು. ಎರಡು ವರ್ಷದಿಂದ ನೆಟ್ಟಗೆ ಮಲಗಿರಲಿಲ್ಲ. ಅವಳು ಕೇಳಿದ್ದು ಒಂದೇ: ಮೂರು ದಿನ ತನ್ನನ್ನು ಯಾರೂ ಎಬ್ಬಿಸಬಾರದು.

"ಭೂಮಿ ಬಾಯಿ ಬಿಟ್ಟರೂ ನಿನ್ನ ನಿದ್ದಿ ಕೆಡೂದಿಲ್ಲ. ನಾ ಅದೀನಿ," ಎಂದು ಬಸವೇಶ ಎದೆ ತಟ್ಟಿಕೊಂಡ.

ಶನಿವಾರವೆಲ್ಲ ಮಾತು ಉಳಿಸಿಕೊಂಡ. ಸಾಸಿವೆ ಸಿಡಿದರೆ ಸದ್ದಾದೀತೆಂದು ಒಗ್ಗರಣೆಯನ್ನೇ ಹಾಕಲಿಲ್ಲ!

ಭಾನುವಾರ ಮುಂಜಾನೆ ಮಂಜು ಕವಿದಿತ್ತು. ರಸ್ತೆಯಲ್ಲಿ ನಾಯಿಯೂ ಇಲ್ಲ. ಪರದೆಯಿಲ್ಲದ ಕಿಟಕಿಗಳ ಹಿಂದೆ ಜನ ಕುರ್ಚಿಗಳಲ್ಲಿ ಅಲುಗಾಡದೆ ಕೂತಿದ್ದರು. ಬಸವೇಶ ಹಿತ್ತಲಿಗೆ ಹೋಗಿ, ಗಜ್ಜರಿ ಹೊಲದ ಮಣ್ಣು ನಮ್ಮ ನವಲಗುಂದದ ಎರೆಮಣ್ಣಿನಷ್ಟೇ ಕಪ್ಪಲ್ಲವೇ ಎಂದು ಬಗ್ಗಿ ಮುಟ್ಟಿ, ತಲೆಯೆತ್ತಿದ. ಹೊಲದಾಚೆ, ಆಳೆತ್ತರಕ್ಕಿಂತಲೂ ಮೇಲೆ, ಮುದುಕನೊಬ್ಬ ಕೂತ ಭಂಗಿಯಲ್ಲೇ ಮಂಜಿನೊಳಗೆ ತೇಲಿ ಹೋಗುತ್ತಿದ್ದ. ಸದ್ದಿಲ್ಲ. ಹೋಗುತ್ತ ಹ್ಯಾಟು ಎತ್ತಿ ಇವನಿಗೆ ಮರ್ಯಾದೆಯನ್ನೂ ಕೊಟ್ಟ!

ಒಳಕ್ಕೆ ಓಡಿದ ಬಸವೇಶನಿಗೆ ಅವ್ವ ಪಾರ್ವತೆವ್ವ ಮಾಡುತ್ತಿದ್ದ ಉಪಾಯ ನೆನಪಾಯಿತು. ಮಲಗಿದ್ದ ಹೆಂಡತಿಗೆ ಉಪ್ಪು, ಒಣಮೆಣಸಿನಕಾಯಿ ಮೂರು ಸುತ್ತು ನಿವಾಳಿಸಿ ಕಾದ ಹಂಚಿಗೆ ಹಾಕಿದ. ದೆವ್ವ ಕೆಮ್ಮಿತೋ ಇಲ್ಲವೋ, ಬಸವೇಶ ಕೆಮ್ಮಿದ. ಬೆನ್ನಿಗೇ ಸ್ಮೋಕ್ ಅಲಾರಂ ಊರು ಹಾರಿಹೋಗುವಂತೆ ಕಿರುಚಿಕೊಂಡಿತು. ಜ್ಯೋತ್ಸ್ನಾ ಹೊದಿಕೆ ಸಮೇತ ಎದ್ದು ಬಂದಳು. ಪಕ್ಕದ ಮನೆಯಿಂದ ಮಾಲಕಿ ವಿಲ್ಮಾ ಅಜ್ಜಿಯೂ ಬಂದಳು.

ಬಸವೇಶ ಕಂಡದ್ದನ್ನೆಲ್ಲ ಒಪ್ಪಿಸಿದ. ವಿಲ್ಮಾ ನಗಲಿಲ್ಲ. ಇಲ್ಲಿ ಕಾಲುವೆ ಹೊಲಕ್ಕಿಂತ ಎತ್ತರದಲ್ಲಿದೆ, ಮಣ್ಣಿನ ಏರಿಯ ಆಚೆ ದೋಣಿ ಹೋದರೆ ಹಾಗೇ ಕಾಣುತ್ತದೆ ಎಂದಳು. ಬಸವೇಶನ ಜೀವ ಮರಳಿ ಬಂತು. ಆದರೆ ಭಾನುವಾರ ದೇವರ ದಿನ, ಈ ಊರಲ್ಲಿ ಯಾರೂ ದೋಣಿ ಇಳಿಸುವುದಿಲ್ಲ ಎಂದೂ ಅವಳೇ ಸೇರಿಸಿದಳು.

"ಇಳಿಸುತ್ತಿದ್ದವನು ನನ್ನ ಗಂಡನೊಬ್ಬನೇ. ಸತ್ತು ಒಂಬತ್ತು ವರ್ಷವಾಯಿತು. ಹ್ಯಾಟು ಎತ್ತಿದನೇ?"

ಬಸವೇಶ ಹೌದೆಂದು ತಲೆಯಾಡಿಸಿದ. ವಿಲ್ಮಾ ಸಮಾಧಾನದಿಂದ ತನ್ನ ಮನೆಗೆ ನಡೆದಳು.

ಬಾಗಿಲಿಗೆ ಚಿಲಕ ಹಾಕಿ, ಎರಡು ಸಲ ಎಳೆದು ನೋಡಿ, ಬಸವೇಶ ಮೆಲ್ಲಗೆ ಕೇಳಿದ: "ಇನ್ನೂ ಒಂದು ದಿನ ಇಲ್ಲಿರೋದು ಬ್ಯಾಡ. ಈಗಿಂದೀಗ ಮನಿಗೆ ಹೋಗೂಣೇನು?"

ಜ್ಯೋತ್ಸ್ನಾ ಹೊದಿಕೆ ಎಳೆದುಕೊಂಡು ಹಾಸಿಗೆಯತ್ತ ತಿರುಗಿದಳು.

"ನೀವು ಹೋಗ್ರಿ. ಆ ಅಜ್ಜ ನನ್ನ ಎಬ್ಬಿಸಿಲ್ಲ."